ವಿದ್ಯಾರ್ಥಿಗೆ ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ?

ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಕಾಲಿಡುವ ಮಕ್ಕಳಿಗೆ ಟ್ಯಾಬ್ಲೆಟ್ ಕೊಡಿಸಬೇಕೋ, ಹಗುರವಾದ ಲ್ಯಾಪ್‌ಟಾಪ್ ಕೊಡಿಸಬೇಕೋ ಎಂಬ ಪ್ರಶ್ನೆ ಪಾಲಕರ ಮುಂದಿದೆ. ಎರಡನ್ನೂ ಕೊಳ್ಳುವ ಅನುಕೂಲ ನಮ್ಮಲ್ಲಿ ಅನೇಕರಿಗಿಲ್ಲ. ಆದುದರಿಂದ ಬೆಲೆಗಿಂತ ಮೊದಲು ಉಪಯೋಗವನ್ನು ವಿಚಾರಿಸೋಣ.

ಓದುವುದಕ್ಕೆ ಟ್ಯಾಬ್ಲೆಟ್ಟೇ ಮೇಲು. ಅದರ ತೂಕ ಸುಮಾರು ಅರ್ಧ ಕಿಲೋಗ್ರಾಂ. ಲ್ಯಾಪ್‌ಟಾಪ್ ಎಷ್ಟೇ ಹಗುರವೆಂದರೂ ಸಾಮಾನ್ಯವಾಗಿ ಅದರ ಎರಡು ಪಟ್ಟು ತೂಗುವುದು. ಪುಣೆಯ ಬಾಲಭಾರತಿಯು ಜಾಲತಾಣದಲ್ಲಿ ಉಚಿತವಾಗಿ ಒದಗಿಸುವ ಕನ್ನಡ ಪಠ್ಯಪುಸ್ತಕಗಳನ್ನು ಟ್ಯಾಬ್ಲೆಟ್ಟಿನಲ್ಲಿ ಪುಸ್ತಕದಂತೆಯೇ ಕೈಯಲ್ಲಿ ಹಿಡಿದು ಓದಬಹುದು.

ಆದರೆ ವಿದ್ಯೆಯು ಓದಿನಲ್ಲಿಯೇ ಮುಗಿಯುವುದಿಲ್ಲ. ಮಿರಜದ ಕನ್ನಡ ವಿದ್ಯಾರ್ಥಿಯು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬರೆಯಬೇಕಾದವನು. ಗಾಜಿನ ಮೇಲೆ ಬೆರಳಾಡಿಸಿ ನಾಲ್ಕು ಸಾಲು ಬರೆಯಬಹುದು. ನಾಲ್ಕು ಪುಟಗಳ ಪ್ರಬಂಧ ಬರೆಯುವುದು ಪ್ರಯಾಸ. ಟ್ಯಾಬ್ಲೆಟ್ಟಿಗೆ ಬೇರೆ ಕೀಲಿಮಣೆ ಜೋಡಿಸಿದರೆ ತೂಕವೂ ವೆಚ್ಚವೂ ಏರುವುವು.

ಕೀಲಿಮಣೆಯಿಂದ ಗಡಿನಾಡಿನವರಾದ ನಮಗೆ ಇನ್ನೊಂದು ಲಾಭವುಂಟು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ‘ಕ’ವೂ ಮರಾಠಿಯ ‘ಕ’ವೂ ಒಂದೇ ಕೀಲಿಯಲ್ಲಿವೆ, ಉಳಿದ ವ್ಯಂಜನಗಳೂ ಬಹುತೇಕ ಹಾಗೆಯೇ. ಹ್ರಸ್ವ ‘ಎ’, ‘ಒ’ಗಳಂತಹ ಕೆಲವನ್ನು ಮಾತ್ರ ಕನ್ನಡಕ್ಕಾಗಿ ಬೇರೆ ಕಲಿಯಬೇಕು. ಒಂದು ಲಿಪಿಯಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿಯೂ ಸರಾಗವಾಗಿ ನಡೆಯುವುದು.

ಶಾಲೆಯ ಓದಿಗೆ ಟ್ಯಾಬ್ಲೆಟ್ ಸಾಕು. ಕಾಲೇಜಿನ ಬರವಣಿಗೆಗೆ ಲ್ಯಾಪ್‌ಟಾಪೇ ಲೇಸು. ಕನ್ನಡ ಶಾಲೆಯನ್ನು ಬಿಟ್ಟೊಡನೆ ಕನ್ನಡ ಬರೆಯುವ ರೂಢಿಯೂ ತಪ್ಪಿಹೋಗುವ ಭಯ ನಮ್ಮ ಮಕ್ಕಳಿಗಿದೆ. ಕೊಂಡ ಯಂತ್ರದಲ್ಲಿ ದಿನಕ್ಕೊಂದು ಪುಟ ಕನ್ನಡ ಬರೆದರೆ ಆ ಭಯ ದೂರವಾದೀತು.