ಸರ್ವರಿನ ಬೂಟ್ ಡಿಸ್ಕ್ ಬದಲಾವಣೆ ಮತ್ತು ಲೆಕ್ಕಪತ್ರಗಳ ಸುರಕ್ಷತೆ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಘಟಕವೊಂದರಲ್ಲಿ ಕಚೇರಿಗೊಂದು, ಗೋದಾಮಿಗೊಂದು ಸ್ಟೋರೇಜ್ ಸರ್ವರ್ ಇದ್ದು, ಎರಡರಲ್ಲಿಯೂ ಟ್ರೂನ್ಯಾಸ್ ತಂತ್ರಾಂಶವಿದೆಯೆಂದು ಭಾವಿಸಬಹುದು. ಕಚೇರಿಯ ಯಂತ್ರ ಕೆಟ್ಟಾಗ ಅದರ ಬೂಟ್ ಡಿಸ್ಕನ್ನು ಕಳಚಿ ಗೋದಾಮಿನ ಯಂತ್ರಕ್ಕೆ ಜೋಡಿಸಿದರೆ ಲೆಕ್ಕಪತ್ರಗಳೂ ಜೊತೆಗೆ ಬರುತ್ತವೆಯೆ? ಬರುವುದಿಲ್ಲ.

ಈ ವ್ಯವಸ್ಥೆಯಲ್ಲಿ ಬೂಟ್ ಡಿಸ್ಕಿನಲ್ಲಿರುವುದು ತಂತ್ರಾಂಶ ಮತ್ತು ಸೆಟ್ಟಿಂಗ್‌ಗಳು ಮಾತ್ರ: ಬಳಕೆದಾರರ ಹೆಸರು, ಪಾಸ್‌ವರ್ಡ್, ನೆಟ್‌ವರ್ಕ್ ವಿಳಾಸ, ಹಂಚಿಕೆಯ ಫೋಲ್ಡರ್‌ಗಳ ವಿವರ. ಕಿರ್ದಿ, ಖಾತೆಗಳಿರುವುದು ‘ಪೂಲ್’ ಎನ್ನಲಾಗುವ ಬೇರೆ ಡಿಸ್ಕ್‌ಗಳ ಸಮೂಹದಲ್ಲಿ. ಡಿಸ್ಕ್ ಬದಲಾದ ಗೋದಾಮಿನ ಯಂತ್ರವು ಕಚೇರಿಯ ಹೆಸರಿನಲ್ಲಿ ಚಾಲನೆಗೊಂಡು, ತನ್ನಲ್ಲಿಲ್ಲದ ಪೂಲನ್ನು ಹುಡುಕುತ್ತದೆ. ತನ್ನಲ್ಲಿರುವ ಪೂಲನ್ನಾದರೋ ‘ಇಂಪೋರ್ಟ್’ ಮಾಡುವವರೆಗೆ ಬಳಕೆಗೆ ಕೊಡದು. ನೆಟ್‌ವರ್ಕ್ ಕಾರ್ಡ್ ಬೇರೆಯಾಗಿದ್ದರೆ ಸಂಪರ್ಕವೂ ತಪ್ಪಬಹುದು. ಆಗ ಗಾಬರಿಯಿಂದ ಅದೇ ಡಿಸ್ಕ್‌ಗಳ ಮೇಲೆ ಹೊಸ ಪೂಲ್ ರಚಿಸಿದರೆ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ದೂರವಾಣಿಯಲ್ಲಿ ಸೂಚನೆ ಪಡೆದು ಕೆಲಸ ಮಾಡುವ ಗುಮಾಸ್ತರು ಇಲ್ಲಿ ಬಹಳ ಎಚ್ಚರದಿಂದಿರಬೇಕು.

ಕಚೇರಿಯ ಲೆಕ್ಕ ಬೇಕಾದಲ್ಲಿ ಅದರ ಪೂಲಿನ ಡಿಸ್ಕ್‌ಗಳನ್ನೇ ಸಾಗಿಸಿ ಇಂಪೋರ್ಟ್ ಮಾಡತಕ್ಕದ್ದು. ಎರಡೂ ಯಂತ್ರಗಳ ಕಾನ್ಫಿಗರೇಶನ್ ಕಡತವನ್ನೂ, ಎನ್‌ಕ್ರಿಪ್ಶನ್ ಇದ್ದಲ್ಲಿ ಅದರ ಕೀಲಿಯನ್ನೂ ಮುಂಚಿತವಾಗಿಯೇ ಪೆನ್‌ಡ್ರೈವಿಗೆ ಇಳಿಸಿ ತಿಜೋರಿಯಲ್ಲಿಡುವುದು ಒಳಿತು.

ಕೇಂದ್ರ ಜಿಎಸ್‌ಟಿ ಕಾಯಿದೆ, 2017ರ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಗಣಕಯಂತ್ರದಲ್ಲಿ ಲೆಕ್ಕವಿಡುವ ಕಂಪನಿಗಳು, 2022ರ ತಿದ್ದುಪಡಿಯ ಮೇರೆಗೆ, ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಬ್ಯಾಕಪ್ ಇಡಬೇಕು. ಬೂಟ್ ಡಿಸ್ಕಿನ ನಕಲು ಆ ಬ್ಯಾಕಪ್ ಎನಿಸಿಕೊಳ್ಳದು.