ಗಾಳಿ ನುಡಿದ ಸಾಕ್ಷಿ

ಗದಗ ಸೀಮೆಗೂ ಗಾಳಿಗೂ ಹತ್ತಿರದ ನಂಟು. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳು ದಾರಿಹೋಕರಿಗೆ ದೂರದಿಂದಲೇ ಕಾಣಿಸುತ್ತವೆ. ಆದರೆ ಗುಡ್ಡದ ಮೇಲೆ ಧಾರಾಳವಾಗಿ ಬೀಸುವ ಗಾಳಿಯು ಊರೊಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಅಲುಗದೆ ನಿಂತುಬಿಡುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಚಿಕಿತ್ಸೆಗಾಗಿ ಗದಗ-ಬೆಟಗೇರಿಗೆ ಬರುವವರು ಅನೇಕರು. ಆಸ್ಪತ್ರೆ ಯಾವ ಊರಿನದೇ ಆಗಲಿ, ಬಾಣಂತಿಯರು, ಎಳೆಯ ಮಕ್ಕಳು, ವೃದ್ಧರು ಒಂದೇ ಪಡಸಾಲೆಯಲ್ಲಿ ಸರದಿ ಕಾಯುವುದುಂಟು. ಅವರ ನಡುವೆ ವಾರಗಟ್ಟಲೆ ಕೆಮ್ಮುತ್ತಿರುವ ಒಬ್ಬನಿದ್ದರೆ, ಗುಣವಾಗಲೆಂದು ಬಂದವರು ಹೊಸ ರೋಗವನ್ನು ಹೊತ್ತು ಮರಳುವ ಅಪಾಯವಿಲ್ಲವೆ?

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಖ್ ಕ್ಷಯರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಕಾರಣವೇನೋ ತಿಳಿಯಿತು; ಆದರೆ ಅದು ಒಬ್ಬರ ಶ್ವಾಸಕೋಶದಿಂದ ಇನ್ನೊಬ್ಬರ ಶ್ವಾಸಕೋಶಕ್ಕೆ ಸಾಗುವ ದಾರಿ ಬಹುಕಾಲ ಸ್ಪಷ್ಟವಾಗಲಿಲ್ಲ. ಜನರು ರೋಗಿಯ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆಯಿಟ್ಟರು. ಅವನನ್ನು ಮೂಲೆಯ ಕೋಣೆಗೆ ತಳ್ಳಿದರು. ಆ ಕೋಣೆಯ ಕಿಟಕಿ ಮುಚ್ಚಿರುವುದನ್ನು ಗಮನಿಸಿದವರು ವಿರಳ.

ಅಮೆರಿಕದ ವಿಲಿಯಂ ವೆಲ್ಸ್ ಎಂಬ ವಿಜ್ಞಾನಿಯು ಒಂದು ವಿಚಾರವನ್ನು ಮುಂದಿಟ್ಟನು. ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳು ಬೇಗನೆ ನೆಲಕ್ಕೆ ಬೀಳುತ್ತವೆ. ಸಣ್ಣ ಹನಿಗಳಾದರೋ ಗಾಳಿಯಲ್ಲಿಯೇ ಒಣಗಿ, ಸೂಕ್ಷ್ಮಾಣುವನ್ನು ಹೊತ್ತ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಇದನ್ನು ಪರೀಕ್ಷಿಸಲು ಅವನೂ ವೈದ್ಯನಾದ ರಿಚರ್ಡ್ ರೈಲಿಯೂ 1950ರ ದಶಕದಲ್ಲಿ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ಪ್ರಯೋಗ ನಡೆಸಿದರು. ಕ್ಷಯರೋಗಿಗಳಿದ್ದ ಆರು ಕೋಣೆಗಳ ಗಾಳಿಯನ್ನು ಕೊಳವೆಗಳ ಮೂಲಕ ಮೇಲಕ್ಕೆ ಸಾಗಿಸಿ, ಗಿನಿಯಿಲಿಗಳನ್ನು ಇರಿಸಿದ್ದ ಕೊಠಡಿಗೆ ಬಿಟ್ಟರು. ಆ ಪ್ರಾಣಿಗಳು ರೋಗಿಗಳನ್ನು ಕಂಡಿರಲಿಲ್ಲ, ಅವರ ಪಾತ್ರೆಗಳನ್ನು ಮುಟ್ಟಿರಲಿಲ್ಲ. ಅವಕ್ಕೆ ತಲುಪಿದುದು ಗಾಳಿಯೊಂದೇ. ಆದರೂ ಅವುಗಳಲ್ಲಿ ಅನೇಕಕ್ಕೆ ಸೋಂಕು ತಗುಲಿತು. ಮುಂದೆ ಅದೇ ಗಾಳಿಯ ಒಂದು ಭಾಗವನ್ನು ಅತಿನೇರಳೆ ಕಿರಣಗಳಿಗೆ ಒಡ್ಡಿ ಮತ್ತೊಂದು ಕೊಠಡಿಗೆ ಬಿಡಲಾಯಿತು. ಅಲ್ಲಿನ ಒಂದು ಪ್ರಾಣಿಗೂ ಸೋಂಕು ತಗುಲಲಿಲ್ಲ. ಗಾಳಿಯೇ ಹೀಗೆ ಸಾಕ್ಷಿ ನುಡಿಯಿತು.

ಈ ಪ್ರಯೋಗದಿಂದ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಎಲ್ಲ ರೋಗಿಗಳೂ ಸಮನಾಗಿ ಸೋಂಕನ್ನು ಹರಡುವುದಿಲ್ಲ. ಹೆಚ್ಚಿನ ಸೋಂಕಿಗೆ ಕೆಲವರೇ ಕಾರಣರಾಗಿದ್ದರು. ತಕ್ಕ ಔಷಧಿ ಪಡೆಯುತ್ತಿದ್ದವರಿಂದ ಹರಡಿದುದು ಬಹಳ ಕಡಿಮೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೂ ಇದಕ್ಕೆ ಪೂರಕವಾಯಿತು. ಮನೆಯಲ್ಲಿಯೇ ಇದ್ದು ಔಷಧಿ ಸೇವಿಸಿದವರ ಕುಟುಂಬಗಳಿಗೆ, ಆರೋಗ್ಯಧಾಮದಲ್ಲಿದ್ದವರ ಕುಟುಂಬಗಳಿಗಿಂತ ಹೆಚ್ಚಿನ ಅಪಾಯವೇನೂ ಒದಗಲಿಲ್ಲ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ? ಇದಕ್ಕೆ ಕನ್ನಡನಾಡಿನಿಂದಲೇ ಉತ್ತರ ದೊರೆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರು ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರು. ಆದರೆ ಬಹುಮಂದಿ ಕೆಮ್ಮಿನ ಔಷಧಿಯನ್ನಷ್ಟೇ ಪಡೆದು ಮರಳಿದ್ದರು. ರೋಗಿಯು ಬಾಗಿಲಿಗೆ ಬಂದಿದ್ದನು; ರೋಗವನ್ನು ಗುರುತಿಸುವುದು ಮಾತ್ರ ತಪ್ಪಿಹೋಗಿತ್ತು. ಆಸ್ಪತ್ರೆಯಲ್ಲಿ ಹೆಚ್ಚು ಭಯಪಡಬೇಕಾದುದು ಔಷಧಿ ಸೇವಿಸುತ್ತಿರುವ ರೋಗಿಗಲ್ಲ, ಯಾರೂ ಗುರುತಿಸದ ಕೆಮ್ಮಿಗೆ.

ಆದುದರಿಂದ ಕೆಮ್ಮುವವರನ್ನು ಮೊದಲೇ ವಿಚಾರಿಸಿ, ತೆರೆದ ಕಿಟಕಿಯ ಬಳಿ ಬೇರೆಯಾಗಿ ಕೂರಿಸಬೇಕು. ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಲು ವಸ್ತ್ರ ಕೊಡಬೇಕು. ಅವರ ಕಫವನ್ನು ತಡಮಾಡದೆ ಪರೀಕ್ಷಿಸಬೇಕು. ಇದರಿಂದ ದಿನವಿಡೀ ಅದೇ ಗಾಳಿಯನ್ನು ಉಸಿರಾಡುವ ದಾದಿಯರಿಗೂ ವೈದ್ಯರಿಗೂ ರಕ್ಷಣೆ ದೊರೆಯುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು ಅಲಕ್ಷಿಸಲಾಗದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಗೂ ಔಷಧಿಗೂ ಹಣ ಕೊಡಬೇಕಾಗಿಲ್ಲ.

ಭಾರತದಲ್ಲಿ ಇಂದಿಗೂ ಪ್ರತಿವರ್ಷ 25 ಲಕ್ಷಕ್ಕೂ ಹೆಚ್ಚು ಜನರು ಈ ರೋಗಕ್ಕೆ ತುತ್ತಾಗುತ್ತಿದ್ದಾರೆ. ರೋಗಿಯನ್ನು ದೂರವಿಟ್ಟರೆ ಅವನು ನಾಚಿ ಕೆಮ್ಮನ್ನು ಮರೆಮಾಡುತ್ತಾನೆ. ಮರೆಮಾಡಿದ ಕೆಮ್ಮು ಇನ್ನಷ್ಟು ಜನರಿಗೆ ರೋಗವನ್ನು ಹಂಚುತ್ತದೆ. ಮುಚ್ಚಬೇಕಾದುದು ರೋಗಿಯ ಪಾಲಿನ ಬಾಗಿಲನ್ನಲ್ಲ. ತೆರೆಯಬೇಕಾದುದು ಕೋಣೆಯ ಕಿಟಕಿಯನ್ನು.