ಕೂಡಿ ನಡೆಯುವ ಬಳಗ: ಕಟ್ಟುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕುವವರ ನಡುವೆ ‘ಒಂದು ದಿನ ಎಲ್ಲರೂ ಸೇರಿ ಬೆಟ್ಟ ಹತ್ತೋಣ’ ಎಂಬ ಮಾತು ಬರದ ಊರಿಲ್ಲ. ಅವತ್ತೇ ವಾಟ್ಸ್‌ಆ್ಯಪ್ ಗುಂಪು ಶುರುವಾಗುತ್ತದೆ. ಮೊದಲ ಚಾರಣಕ್ಕೇ ಕುಮಾರ ಪರ್ವತವನ್ನೋ ಕುದುರೆಮುಖವನ್ನೋ ಆರಿಸುತ್ತಾರೆ. ಗಟ್ಟಿಗರು ನಾಲ್ಕು ಜನ ಹತ್ತಿ ಇಳಿಯುತ್ತಾರೆ, ಉಳಿದವರು ಮಂಡಿನೋವು ಹೊತ್ತು ಮನೆಗೆ ಬರುತ್ತಾರೆ. ಎರಡನೇ ಚಾರಣಕ್ಕೆ ಜನ ಸೇರುವುದೇ ಇಲ್ಲ.

ವರ್ಷಗಟ್ಟಲೆ ಬಾಳುವ ಬಳಗಗಳ ರೀತಿಯೇ ಬೇರೆ. ಅವು ವಾರಕ್ಕೊಮ್ಮೆ ಊರೊಳಗೆ ನಡೆಯುತ್ತವೆ, ತಿಂಗಳಿಗೊಮ್ಮೆ ಹತ್ತಿರದ ಬೆಟ್ಟಕ್ಕೆ ಹೋಗುತ್ತವೆ, ವರ್ಷಕ್ಕೆ ಒಂದೋ ಎರಡೋ ದೊಡ್ಡ ಚಾರಣ ಇಟ್ಟುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಹೊತ್ತು, ದಾರಿ, ವಿಶ್ರಾಂತಿ ಎಲ್ಲವನ್ನೂ ತೀರ ನಿಧಾನವಾಗಿ ನಡೆಯುವವರನ್ನು ನೋಡಿಕೊಂಡೇ ನಿಗದಿ ಮಾಡುತ್ತವೆ. ನಿಮ್ಮ ಬಡಾವಣೆಯಲ್ಲೋ ಕಚೇರಿಯಲ್ಲೋ ಅಂಥ ಬಳಗ ಕಟ್ಟುವ ಮನಸ್ಸಿದ್ದರೆ ಹೀಗೆ ಆರಂಭಿಸಬಹುದು.

ಮೊದಲು ವಾರದ ನಡಿಗೆ

ದಿನ, ಹೊತ್ತು, ಸೇರುವ ಜಾಗ ಈ ಮೂರನ್ನು ಒಮ್ಮೆ ಗೊತ್ತು ಮಾಡಿದ ಮೇಲೆ ಬದಲಿಸಬೇಡಿ. ಭಾನುವಾರ ಬೆಳಿಗ್ಗೆ ಆರು ಎಂದರೆ ಆರು. ಇಬ್ಬರೇ ಬಂದರೂ ಹೊರಡಿ. ‘ಈ ವಾರ ಯಾರ‍್ಯಾರು ಬರ್ತೀರಿ?’ ಎಂದು ಪ್ರತಿ ಸಲ ಕೇಳುತ್ತ ಕೂತರೆ ಬರುವವರೂ ಹಿಂಜರಿಯುತ್ತಾರೆ. ನಡಿಗೆ ಖಂಡಿತ ಇರುತ್ತದೆ ಎಂಬ ನಂಬಿಕೆ ಹುಟ್ಟಿದರೆ ಜನ ತಾವಾಗಿ ಬರುತ್ತಾರೆ.

ಜಾಗಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ದಕ್ಷಿಣ ಭಾಗದವರಿಗೆ ಲಾಲ್‌ಬಾಗ್ ಇದೆ, ಧಾರವಾಡದವರಿಗೆ ಸಾಧನಕೇರಿಯ ಸುತ್ತಿನ ರಸ್ತೆಗಳಿವೆ. ಮೈಸೂರಿನವರಂತೂ ಪುಣ್ಯವಂತರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗಿಂತ ಒಳ್ಳೆಯ ತಾಲೀಮು ಬೇಡ, ನಡುವೆ ದೊಡ್ಡ ನಂದಿಯ ಬಳಿ ಕೂರಲು ಜಾಗವೂ ಉಂಟು. ಮೊದಲ ಕೆಲವು ವಾರ ನಂದಿಯವರೆಗೆ ಹತ್ತಿ ಇಳಿಯಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ತುದಿಯವರೆಗೆ. ಇಳಿಯುವಾಗ ಮಂಡಿಗೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಹೆಚ್ಚು. ಹಾಗಾಗಿ ಯಾರಿಗೆ ಬೆಟ್ಟ ಆಗುತ್ತದೆ, ಯಾರಿಗೆ ಆಗದು ಎಂಬುದು ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಈ ವಾರದ ನಡಿಗೆಗಳಲ್ಲೇ ಒಬ್ಬೊಬ್ಬರ ವೇಗ, ಆರೋಗ್ಯ ತಿಳಿಯುತ್ತದೆ. ಬಿ.ಪಿ., ಶುಗರ್, ಆಸ್ತಮಾ, ಹೃದಯದ ತೊಂದರೆ ಇದೆಯೇ ಎಂದು ಗುಂಪಿನ ಎದುರಲ್ಲಿ ಕೇಳಬೇಡಿ. ಜೊತೆಯಲ್ಲಿ ನಡೆಯುತ್ತ ಒಬ್ಬರನ್ನೇ ಕೇಳಿ. ಮಾತ್ರೆ ಯಾವುದು, ಬ್ಯಾಗಿನ ಯಾವ ಜೇಬಿನಲ್ಲಿದೆ ಎಂಬುದು ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ಮುಂದೊಬ್ಬರು, ಕೊನೆಗೊಬ್ಬರು

ತಿಂಗಳ ಬೆಟ್ಟಕ್ಕೆ ಇಬ್ಬರು ಹೊಣೆಗಾರರು ಸಾಕು. ದಾರಿ ಬಲ್ಲವರು ಮುಂದೆ. ಅಷ್ಟೇ ಅನುಭವ ಇರುವ ಇನ್ನೊಬ್ಬರು ಕೊನೆಗೆ. ಮುಂದಿನವರನ್ನು ಯಾರೂ ಹಿಂದಿಕ್ಕುವಂತಿಲ್ಲ, ಕೊನೆಯವರ ಹಿಂದೆ ಯಾರೂ ಉಳಿಯುವಂತಿಲ್ಲ. ಕೊನೆಯ ಜಾಗಕ್ಕೆ ಬಳಗದ ಅತ್ಯಂತ ತಾಳ್ಮೆಯ ಮನುಷ್ಯರನ್ನು ಆರಿಸಿ. ನನ್ನ ದೃಷ್ಟಿಯಲ್ಲಿ ಮುಂದೆ ಹೋಗುವವರಿಗಿಂತ ಅವರ ಕೆಲಸವೇ ದೊಡ್ಡದು. ಮಹಿಳೆಯರು ಹೆಚ್ಚಿರುವ ಬಳಗದಲ್ಲಿ ಇಬ್ಬರಲ್ಲಿ ಒಬ್ಬರು ಮಹಿಳೆಯೇ ಆಗಿದ್ದರೆ ಒಳ್ಳೆಯದು. ಕಾಲು ಉಳುಕಿದ್ದೋ ಹೊಟ್ಟೆ ನೋಯುತ್ತಿರುವುದೋ ಆಗ ಸಂಕೋಚವಿಲ್ಲದೆ ಬಾಯಿಗೆ ಬರುತ್ತದೆ.

ಯಾವ ಬೆಟ್ಟದ ಮೆಟ್ಟಿಲ ಬಳಿ ನಿಂತು ನೋಡಿದರೂ ಒಂದು ದೃಶ್ಯ ಕಾಣುತ್ತದೆ. ವೇಗದವರು ಮೇಲೆ ಹೋಗಿ ಬಂಡೆಯ ಮೇಲೆ ಕೂತಿರುತ್ತಾರೆ, ನೀರು ಕುಡಿದು ಫೋಟೊ ತೆಗೆದುಕೊಂಡಿರುತ್ತಾರೆ. ಹತ್ತು ನಿಮಿಷದ ಮೇಲೆ ಕೊನೆಯವರು ಏದುಸಿರು ಬಿಡುತ್ತ ಬರುತ್ತಾರೆ. ‘ಬಂದ್ರಾ? ಸರಿ, ನಡೀರಿ’ ಎಂದು ಎಲ್ಲರೂ ಎದ್ದುಬಿಡುತ್ತಾರೆ. ವಿಶ್ರಾಂತಿ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಅದು ಸಿಗುವುದಿಲ್ಲ. ಇಡೀ ದಾರಿ ಹೀಗೇ ಸಾಗಿದರೆ ಅವರು ಮುಂದಿನ ತಿಂಗಳು ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ವಿಶ್ರಾಂತಿಯ ಗಡಿಯಾರ ಶುರುವಾಗುವುದು ಕೊನೆಯವರು ಬಂದು ಕೂತ ಮೇಲೆ. ಅವರು ಕೂತು ಐದು ನಿಮಿಷ ಆಗುವವರೆಗೆ ಯಾರೂ ಏಳುವಂತಿಲ್ಲ. ಬೇರೆ ಯಾವ ನಿಯಮ ಸಡಿಲವಾದರೂ ಇದನ್ನು ಬಿಡಬೇಡಿ.

ಒಬ್ಬ ಮುಂದಾಳಿಗೆ ಹನ್ನೆರಡರಿಂದ ಹದಿನೈದು ಜನ ಹಿತವಾದ ಸಂಖ್ಯೆ. ಅದಕ್ಕಿಂತ ಹೆಚ್ಚಾದರೆ ಎರಡು ತಂಡ ಮಾಡಿ.

ದಾರಿ ಮತ್ತು ಹೊತ್ತಿನ ಲೆಕ್ಕ

ಬಳಗವನ್ನು ಕರೆದೊಯ್ಯುವ ಮೊದಲು ಹೊಣೆಗಾರರಿಬ್ಬರೂ ಆ ದಾರಿಯನ್ನು ಒಮ್ಮೆ ನಡೆದು ಬರಲೇಬೇಕು. ನೀರು ಎಲ್ಲಿ ಸಿಗುತ್ತದೆ, ನೆರಳು ಎಲ್ಲಿ ಮುಗಿಯುತ್ತದೆ, ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ, ಮಹಿಳೆಯರಿಗೆ ಶೌಚಾಲಯ ಎಲ್ಲಿದೆ ಎಂಬುದನ್ನು ಬರೆದುಕೊಳ್ಳಿ. ಕೊನೆಯದನ್ನು ಬಹಳ ಬಳಗಗಳು ಮರೆಯುತ್ತವೆ. ಎಷ್ಟೋ ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಬೆಟ್ಟ ಹತ್ತುತ್ತಾರೆ, ಬಿಸಿಲಲ್ಲಿ ತಲೆಸುತ್ತು ಬರುವುದು ಹೀಗೆ. ತಿಂಡಿಗೆ ಹೋಟೆಲ್ ಆರಿಸುವಾಗ ಇಡ್ಲಿಯ ರುಚಿಯ ಜೊತೆಗೆ ಅಲ್ಲಿನ ಶೌಚಾಲಯವನ್ನೂ ನೋಡಿ.

ಎಷ್ಟು ಹೊತ್ತು ಬೇಕು ಎನ್ನುವುದಕ್ಕೆ ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 8 ಕಿ.ಮೀ., ಏರು 300 ಮೀಟರ್ ಎಂದುಕೊಳ್ಳಿ. ಲೆಕ್ಕದಲ್ಲಿ ಎರಡು ಗಂಟೆ ಆರು ನಿಮಿಷ ಬರುತ್ತದೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಆಗುವ ಹೊತ್ತು. ಎಲ್ಲ ವಯಸ್ಸಿನವರೂ ಇರುವ ಬಳಗಕ್ಕೆ ಅದರ ಅರ್ಧದಷ್ಟನ್ನು ಸೇರಿಸಿ, ವಿಶ್ರಾಂತಿ ತಿಂಡಿಗೆ ಒಂದು ಗಂಟೆ ಇಡಿ. ಒಟ್ಟು ನಾಲ್ಕು ಗಂಟೆಗೆ ಸ್ವಲ್ಪ ಮೇಲೆ. ಬೆಳಿಗ್ಗೆ ಆರೂವರೆಗೆ ಹತ್ತಲು ಶುರು ಮಾಡಿದರೆ ಹನ್ನೊಂದರ ಒಳಗೆ ಕೆಳಗಿರಬಹುದು. ಬಯಲುಸೀಮೆಯ ಬೋಳು ಬಂಡೆಗಳಲ್ಲಿ ಫೆಬ್ರುವರಿ ಕಳೆದ ಮೇಲೆ ಹನ್ನೊಂದರ ಬಿಸಿಲನ್ನು ಲಘುವಾಗಿ ತೆಗೆದುಕೊಳ್ಳಬಾರದು. ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂಬುದನ್ನು ಕೆಳಗೇ ಹೇಳಿಬಿಡಿ. ತುದಿ ಕಣ್ಣಿಗೆ ಕಾಣುವಾಗ ಆ ಮಾತು ಹೇಳುವುದು ಕಷ್ಟ.

ಅನುಮತಿ

ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಮುಂಗಡ ಬುಕಿಂಗ್ ಬೇಕು. 2024ರ ಜನವರಿಯಲ್ಲಿ ರಜೆಯ ದಿನಗಳಂದು ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಗೇ ಸೇರಿದ್ದರು. ಆಮೇಲೆ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಾಂಕ ನೋಡಿಕೊಂಡು ಎಲ್ಲರ ಹೆಸರು, ಗುರುತಿನ ಚೀಟಿಯ ವಿವರ ಸಿದ್ಧವಿಟ್ಟುಕೊಳ್ಳಿ. ಬುಕಿಂಗ್ ಸಿಗಲಿಲ್ಲ ಎಂದು ಕಳ್ಳದಾರಿಯಲ್ಲಿ ನುಗ್ಗುವ ಮಾತು ಬಳಗದಲ್ಲಿ ಬರಲೇಬಾರದು.

ಸಂದೇಶ ಹೇಗಿರಬೇಕು?

ಹತ್ತು ದಿನ ಮೊದಲು ಒಂದೇ ಒಂದು ಸಂದೇಶ, ಸಂದೇಹಕ್ಕೆ ಎಡೆಯಿಲ್ಲದಂತೆ. ಮಾದರಿಗೆ ಹೀಗೆ:

‘ಡಿಸೆಂಬರ್ ಎರಡನೇ ಭಾನುವಾರ, ದೇವರಾಯನದುರ್ಗ. ಬೆಳಿಗ್ಗೆ 5.15ಕ್ಕೆ ಗಣಪತಿ ಗುಡಿಯ ಮುಂದೆ ಸೇರುವುದು, 5.30ಕ್ಕೆ ಟಿಟಿ ಹೊರಡುತ್ತದೆ. ಮೇಲೆ ಯೋಗಾನರಸಿಂಹನ ದರ್ಶನ, ಇಳಿದ ಮೇಲೆ ನಾಮದ ಚಿಲುಮೆ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ದಾರಿಯಲ್ಲಿ ಮೆಟ್ಟಿಲುಗಳಿವೆ, ಮಂಡಿನೋವಿನವರು ಕೆಳಗಿನ ಭೋಗಾನರಸಿಂಹ ಗುಡಿಯ ಬಳಿ ನಮ್ಮೊಡನೆ ಇರಬಹುದು. ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಶೂ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಕೋತಿಗಳಿವೆ. ಬರುವವರು ಬುಧವಾರದೊಳಗೆ ಹಣ ಕಳಿಸಿ.’

ಬೆಟ್ಟ ಹತ್ತಲಾಗದವರಿಗೂ ಈ ಸಂದೇಶದಲ್ಲಿ ಒಂದು ಜಾಗ ಇದೆ ಎಂಬುದನ್ನು ಗಮನಿಸಿ. ಅದನ್ನು ಪ್ರತಿ ಸಲ ಬರೆಯಿರಿ.

ಹಣದ ವಿಚಾರ ಚುಟುಕಾಗಿ ಹೇಳುವುದಾದರೆ, ಲಾಭ ಬೇಡ, ಸಾಲವೂ ಬೇಡ. ಗಾಡಿಯ ಬಾಡಿಗೆಯನ್ನು ತಲೆಗೆ ಇಷ್ಟೆಂದು ಹಂಚಿ ಮುಂಗಡ ಪಡೆಯಿರಿ. ಕೊನೆಗಳಿಗೆಯಲ್ಲಿ ಬಾರದವರ ಬಾಡಿಗೆ ಪಾಲು ವಾಪಸ್ಸಿಲ್ಲ ಎಂದು ಮೊದಲೇ ತಿಳಿಸಿ. ಲೆಕ್ಕವನ್ನು ಅವತ್ತು ರಾತ್ರಿಯೇ ಗುಂಪಿಗೆ ಹಾಕಿ.

ಚೀಲದಲ್ಲಿ ಏನಿರಲಿ, ದಾರಿಯಲ್ಲಿ ಏನು ಎದುರಾದೀತು?

ಚಪಾತಿ ಚಟ್ನಿಪುಡಿ, ಪುಳಿಯೋಗರೆ, ಸೌತೆಕಾಯಿ, ಕಡಲೆ ಬೆಲ್ಲ, ಚಿಕ್ಕಿ ಇವು ಬೆಟ್ಟದ ಊಟ. ಕಾಯಿ ಹಾಕಿದ ಚಟ್ನಿ ಬಿಸಿಲಿಗೆ ಹಳಸುತ್ತದೆ, ಬೇಡ. ಓಆರ್‌ಎಸ್ ಪೊಟ್ಟಣ, ಕ್ರೇಪ್ ಬ್ಯಾಂಡೇಜ್, ಟಾರ್ಚ್, ಸೀಟಿ ಕೊನೆಯವರ ಚೀಲದಲ್ಲಿರಲಿ. ಏಕೆಂದರೆ ಅವು ಬೇಕಾಗುವುದು ಹೆಚ್ಚಾಗಿ ಹಿಂದೆ ಉಳಿದವರಿಗೆ. ತುರ್ತಿಗೆ 112 ಸಂಖ್ಯೆ.

ಬಂಡೆ ಬೆಟ್ಟಗಳಲ್ಲಿ ಹೆಜ್ಜೇನಿನ ಭಯ ನಿಜವಾದದ್ದು. ಘಾಟು ಅತ್ತರು ಬೇಡ, ಬೆಂಕಿ ಹೊಗೆ ಬೇಡವೇ ಬೇಡ, ಗೂಡಿನ ಕೆಳಗೆ ಕೂಗಾಟ ಬೇಡ. ಹುಳು ಎದ್ದರೆ ಕೈ ಬೀಸದೆ ತಲೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಸರಿಯಬೇಕು. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಅಭಯಾರಣ್ಯ. ಅಲ್ಲಿ ಸ್ಪೀಕರ್ ಹಾಕಿ ಹಾಡು ಕೇಳುವುದು ಅಪರಾಧವೆಂದೇ ನಾನು ಭಾವಿಸುತ್ತೇನೆ.

ಮಲೆನಾಡಿನ ಮಳೆಗಾಲದ ಇಂಬಳದಿಂದ ಪ್ರಾಣಕ್ಕೇನೂ ಆಗದು. ಉಪ್ಪಿನ ಗಂಟೋ ಸುಣ್ಣವೋ ಸೋಕಿಸಿದರೆ ಬಿಡುತ್ತದೆ. ಉಣುಗಿನ ವಿಷಯ ಹಾಗಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ, ನಾವು ಹೆಚ್ಚು ಚಾರಣ ಹೋಗುವ ಕಾಲವೂ ಅದೇ. ಆ ಕಡೆ ಹೋಗುವ ಮೊದಲು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿ. ಕಾಯಿಲೆ ಇದೆ ಎಂದರೆ ಹೋಗಬೇಡಿ. ಉಳಿದಂತೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಗಾಡಿ ಇಳಿದಾಗ, ತುದಿಯಲ್ಲಿ, ಹಿಂದಿರುಗಿ ಗಾಡಿ ಹತ್ತಿದಾಗ ತಲೆ ಎಣಿಸಿ. ಯಾರಿಗಾದರೂ ಆಗದೆ ಹೋದರೆ ಒಬ್ಬರನ್ನೇ ಕೆಳಗೆ ಕಳಿಸಬೇಡಿ, ಜೊತೆಗೆ ಒಬ್ಬರು ಇಳಿಯಬೇಕು. ಮದ್ಯ ತರುವವರಿಗೆ ಬಳಗದಲ್ಲಿ ಜಾಗವಿಲ್ಲ ಎಂದು ಮೊದಲ ದಿನವೇ ಹೇಳಿ.

ಬೆಟ್ಟವಿಲ್ಲದ ತಿಂಗಳು

ಮೂರು ಬೆಟ್ಟಕ್ಕೆ ಒಂದಾದರೂ ಸುಮ್ಮನೆ ಕೂಡಿ ಕಳೆಯುವ ದಿನ ಇರಲಿ. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ, ಮೈಸೂರಿನ ರಂಗಾಯಣದಲ್ಲೊಂದು ನಾಟಕ, ಹಂಪಿಯಲ್ಲಿ ವಿರೂಪಾಕ್ಷ ಗುಡಿಯಿಂದ ವಿಠ್ಠಲ ಗುಡಿಯವರೆಗೆ ತುಂಗಭದ್ರೆಯ ದಡದ ನಡಿಗೆ. ಮೇಲುಕೋಟೆಯಾದರೆ ಬೆಟ್ಟ ಹತ್ತುವವರು ಯೋಗಾನರಸಿಂಹನ ಗುಡಿಗೆ, ಹತ್ತದವರು ಕಲ್ಯಾಣಿಯ ಮೆಟ್ಟಿಲಿಗೆ, ಆಮೇಲೆ ಎಲ್ಲರೂ ಪುಳಿಯೋಗರೆಗೆ. ಇಂಥ ದಿನಗಳಲ್ಲಿ ಮನೆಯವರನ್ನೂ ಮಕ್ಕಳನ್ನೂ ಕರೆಯಿರಿ. ಬೆಟ್ಟದಲ್ಲಿ ಹಿಂದೆ ಉಳಿಯುವ ಹಿರಿಯರೊಬ್ಬರಿಗೆ ಆ ದಿನದ ಮುಂದಾಳುತನ ಕೊಡಿ. ಊರಿನ ಕಥೆ, ಶಾಸನ, ಮರಗಿಡ ಬಲ್ಲವರು ಸಾಮಾನ್ಯವಾಗಿ ಅವರೇ. ತಿಂಗಳ ಹಿಂದೆ ಅವರಿಗಾಗಿ ಕಾದಿದ್ದ ಹುಡುಗರು ಅಂದು ಅವರ ಸುತ್ತ ನಿಂತು ಕೇಳುತ್ತಾರೆ.

ಇನ್ನು ದಾಖಲೆ. ಹೋಗಿ ಬಂದ ಪ್ರತಿ ದಾರಿಗೂ ಒಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಹೊರಟ ಹೊತ್ತು, ತಲುಪಿದ ಹೊತ್ತು, ತಿಂಡಿ ಎಲ್ಲಿ, ಶೌಚಾಲಯ ಎಲ್ಲಿ, ಖರ್ಚೆಷ್ಟು, ಯಾವ ತಿರುವಿನಲ್ಲಿ ದಾರಿ ತಪ್ಪುತ್ತದೆ. ಆರು ತಿಂಗಳಿಗೊಮ್ಮೆ ಮುಂದಾಳು ಬದಲಾಗಲಿ. ಹೊಸ ಮುಂದಾಳು ಮೊದಲು ಎರಡು ಬೆಟ್ಟಗಳಲ್ಲಿ ಕೊನೆಯವರ ಜಾಗದಲ್ಲಿ ನಡೆದಿರಬೇಕು, ಆಮೇಲೆ ನೋಟ್‌ಬುಕ್ ಅವರ ಕೈಗೆ.